ಎಣ್ಣೆ ಕುಡಿದ ಗಾಳಿ ಅಂಗಿ

ಹೋದ ವಾರ ಸೊಂಟ ಹಿಡಿದುಕೊಂಡಿತು. ನಲವತ್ತೈದು ದಾಟಿದ ಮೇಲೆ ಇದೇನೂ ಹೊಸ ಸುದ್ದಿಯಲ್ಲ. ನಾನು ಮಾತ್ರ ಬೆನ್ನುಮೂಳೆಯ ಕ್ಷಯದಿಂದ ಹಿಡಿದು ಪಾರ್ಶ್ವವಾಯುವಿನವರೆಗೆ ಎಲ್ಲವನ್ನೂ ಒಂದು ಸುತ್ತು ಯೋಚಿಸಿ ಮುಗಿಸಿದ್ದೆ. ಹೆಂಡತಿ ಅದಾವುದನ್ನೂ ಕಿವಿಗೆ ಹಾಕಿಕೊಳ್ಳದೆ ಹೊಂಗೆ ಎಣ್ಣೆ ಬಿಸಿಮಾಡಿ ತಿಕ್ಕಿ, ಮೇಲೊಂದು ಬಿಸಿನೀರಿನ ರಬ್ಬರ್ ಚೀಲ ಇಟ್ಟು ಹೋದಳು. ಸ್ವಲ್ಪ ಹೊತ್ತಿಗೆ ಎಣ್ಣೆಯ ಕಟು ವಾಸನೆಯೂ ಕಾದ ರಬ್ಬರಿನ ವಾಸನೆಯೂ ಬೆರೆತು ಮೂಗಿಗೆ ಬಂದವು. ಬೋರಲು ಮಲಗಿದ್ದವನ ಕಣ್ಣ ಮುಂದೆ ಕಪಿಲಾ ಹೊಳೆಯ ದಡ, ಬಿದಿರು ಗಳಕ್ಕೆ ನೇತುಹಾಕಿದ್ದ ಒಂದು ಹಳದಿ ಅಂಗಿ, ಅದರ ಪಕ್ಕದಲ್ಲಿ ಹೆಮ್ಮೆಯಿಂದ ನಿಂತ ಒಬ್ಬ ಮುದುಕ...

ಐವತ್ತರ ದಶಕದ ಮಾತು. ನಾನು ಹೊಸ ಮೇಷ್ಟ್ರು. ಅಂತರಸಂತೆ ಕಡೆಯ ಒಂದು ಹಳ್ಳಿಗೆ ಹಾಕಿದ್ದರು. ಈಚೆ ದಡದಲ್ಲಿ ಬಸ್ಸು, ಟೀ ಅಂಗಡಿ, ನನ್ನ ಬಾಡಿಗೆ ಕೋಣೆ; ಆಚೆ ದಡದಲ್ಲಿ ಶಾಲೆ. ನಡುವೆ ಹೊಳೆ. ಕೃಷ್ಣರಾಜನಗರದಲ್ಲಿ ಹೊಳೆಯ ಪಕ್ಕದಲ್ಲೇ ಹುಟ್ಟಿ ಬೆಳೆದವನು ನಾನು, ಆದರೂ ಈಜು ಬಾರದು. ಮುಳುಗಿಬಿಟ್ಟಾನು ಎಂದು ನಮ್ಮಮ್ಮ ನೀರಿಗೇ ಬಿಟ್ಟವಳಲ್ಲ. ಚಿಂತೆ ನಮ್ಮ ಮನೆಯಲ್ಲಿ ಪಿತ್ರಾರ್ಜಿತ.

ದಿನಾ ಹೊಳೆ ದಾಟಿಸುತ್ತಿದ್ದ ಅಂಬಿಗನನ್ನು ಎರಡು ದಡದವರೂ ದೊಡ್ಡಪ್ಪ ಎನ್ನುತ್ತಿದ್ದರು. ನಾನೂ ಹಾಗೇ ಕರೆದೆ. ಆತನ ಹರಿಗೋಲು ಬಿದಿರಿನ ಹೆಣಿಗೆಗೆ ಎಮ್ಮೆಯ ತೊಗಲು ಹೊದಿಸಿದ್ದ ಒಂದು ದೊಡ್ಡ ಬುಟ್ಟಿ. ಅದರೊಳಗೆ ಕೂತರೆ ಕಾಲಡಿಯಲ್ಲಿ ಹೊಳೆ ಉಸಿರಾಡುವುದು ತಿಳಿಯುತ್ತಿತ್ತು. ನಾನು ಉಸಿರಾಡುತ್ತಿರಲಿಲ್ಲ.

ಮೊದಲ ಮಳೆಗಾಲಕ್ಕೇ ಮೈಸೂರಿಗೆ ಓಡಿದೆ. ಯುದ್ಧ ಮುಗಿದ ಮೇಲೆ ಉಳಿದ ಮಿಲಿಟರಿ ಸಾಮಾನು ಮಾರುವ ಗುಜರಿ ಅಂಗಡಿಯೊಂದರಲ್ಲಿ ಗಾಳಿ ತುಂಬುವ ಅಂಗಿಗಳಿವೆ ಎಂದು ಯಾರೋ ಹೇಳಿದ್ದರು. ಮೇಲೆ ದಪ್ಪ ಬಟ್ಟೆ, ಒಳಗೆ ರಬ್ಬರ್ ಚೀಲ, ಊದಲು ಒಂದು ಕೊಳವೆ. ದೊರೆಗಳು ಷೋಕಿಗೆ ದೋಣಿಯಲ್ಲಿ ಹೋಗುವಾಗ ಇದನ್ನೇ ತೊಡುವುದು ಎಂದ ಅಂಗಡಿಯವನು. ಷೋಕಿಗೆ ನೀರಿಗಿಳಿಯುವವರೂ ಇದ್ದಾರೆಂದು ನನಗೆ ಆವತ್ತೇ ಗೊತ್ತಾದದ್ದು. ಮೂರು ಅಂಗಿ ತೊಟ್ಟು ನೋಡಿದೆ. ಒಂದು ಹೆಗಲಿನಿಂದ ಜಾರಿತು, ಇನ್ನೊಂದರ ಮಡಿಕೆಯಲ್ಲಿ ರಬ್ಬರು ಬಿರಿದಿತ್ತು. ಮೂರನೆಯದನ್ನು ತಂದೆ.

ನಮ್ಮ ತಾಲ್ಲೂಕಿನ ಊರು ಕೋಟೆ; ಅಲ್ಲಿಯ ಸೈಕಲ್ ಷಾಪಿನವರು ಬರ್ಮಾ ಕಡೆ ಸಿಪಾಯಿಯಾಗಿ ಹೋಗಿ ಬಂದವರು. ಅಂಗಿಯನ್ನು ತೊಟ್ಟಿಯಲ್ಲಿ ಮುಳುಗಿಸಿ ಗುಳ್ಳೆ ಏಳುತ್ತದೆಯೇ ನೋಡಿದರು. ಹಿಡಿ ಎಳೆದ ಕೂಡಲೇ ಗಾಳಿ ತುಂಬಬೇಕಾದ ಪುಟ್ಟ ಸಿಲಿಂಡರ್ ಖಾಲಿ, ಅದೀಗ ಬರೀ ಒಡವೆ, ಬಾಯಿಯನ್ನೇ ನಂಬಿ ಎಂದರು. ಊದಿ, ಮೇಲೊಂದು ದಾರ ಬಿಗಿದು ಇಟ್ಟು, ಮಾರನೆಯ ದಿನ ದಾರ ಸಡಿಲವಾದರೆ ಎಲ್ಲೋ ತೂತಿದೆ ಎಂದು ತಿಳಿಯಬೇಕಂತೆ. ನೆನೆದರೆ ನೆರಳಲ್ಲಿ ಒಣಗಿಸಿ ಪೌಡರ್ ಹಾಕಿಡಬೇಕಂತೆ. ನಾನು ಮೇಷ್ಟ್ರಲ್ಲವೇ, ಬೋರ್ಡು ಒರೆಸುವ ಬಟ್ಟೆಯನ್ನೇ ಅದರ ಮೇಲೆ ಕೊಡವುತ್ತಿದ್ದೆ. ಕಾಲಿನ ಸಂದಿಯ ಪಟ್ಟಿಯನ್ನು ಮಾತ್ರ ಮರೆಯಬಾರದು ಎಂದು ಅವರು ಎರಡೆರಡು ಸಲ ಹೇಳಿದರು. "ಅದ ಕಟ್ಟದಿದ್ರೆ ಅಂಗಿ ತೇಲುತ್ತೆ, ನೀವು ಮುಳುಗ್ತೀರಿ." ಕೊನೆಗೆ, ಎಣ್ಣೆ ಮಾತ್ರ ಸೋಕಿಸಬೇಡಿ, ರಬ್ಬರಿಗೆ ಎಣ್ಣೆ ವಿಷ ಎಂದರು.

ಕಂಡಕಂಡವರಿಗೆಲ್ಲ ಕೇಳದಿದ್ದರೂ ಎಚ್ಚರಿಕೆ ಹೇಳುವ ನಾನು, ಆ ಕೊನೆಯ ಮಾತನ್ನು ಹೇಳಲೇಬೇಕಾಗಿದ್ದ ಒಬ್ಬನಿಗೆ ಹೇಳಲಿಲ್ಲ.

ಕಚ್ಚೆಪಂಚೆಯ ಮೇಲೆ ಪಟ್ಟಿ ಬಿಗಿದು, ಎದೆ ಹೊಟ್ಟೆ ಉಬ್ಬಿಸಿಕೊಂಡು ಮೊದಲ ದಿನ ದಡಕ್ಕಿಳಿದಾಗ ದೊಡ್ಡಪ್ಪ ಹುಟ್ಟು ಕೆಳಗಿಟ್ಟು ನನ್ನನ್ನು ಮೇಲಿಂದ ಕೆಳಗೆ ನೋಡಿದ.

"ಎಷ್ಟ್ ತಿಂಗ್ಳು ಮೇಷ್ಟ್ರೇ?"

ಅಂದಿನಿಂದ ಅದು ದಿನದ ಪ್ರಶ್ನೆಯಾಯಿತು. ಸಂತೆಗೆ ಹೊರಟ ಹೆಂಗಸರೆಲ್ಲ ಸೆರಗು ಬಾಯಿಗಿಟ್ಟುಕೊಂಡು ನಗುವರು. ನಗುವಿನ ಒಳಗೆ ಆತನಿಗೊಂದು ನೋವಿತ್ತು. ತನ್ನ ಹರಿಗೋಲಿನಲ್ಲಿ ಕೂತು ಇನ್ನೊಂದನ್ನು ನಂಬುವ ಗಿರಾಕಿ ಆತನಿಗೆ ಸಿಕ್ಕಿದ್ದು ಅದೇ ಮೊದಲು. ನಮ್ಮಪ್ಪನ ಕಾಲದಿಂದ ಒಬ್ಬರನ್ನೂ ಹೊಳೆಗೆ ಕೊಟ್ಟಿಲ್ಲ ಎಂದು ಒಂದು ದಿನ ನೀರಿಗೆ ಹೇಳುವ ಹಾಗೆ ಹೇಳಿದ. ನಾನು ಪಟ್ಟಿ ಬಿಗಿಮಾಡಿಕೊಂಡೆ.

ದಸರಾ ರಜಕ್ಕೆ ಊರಿಗೆ ಹೊರಟಾಗ, ಅಂಗಿಯನ್ನು ಬಿಟ್ಟುಹೋಗಿ, ಆಯುಧಪೂಜೆ ದಿನ ಅದಕ್ಕೂ ಒಂದು ಹೂ ಏರಿಸುತ್ತೇನೆ ಎಂದ. ನೀರಿಗಿಳಿಯುವ ಸಾಮಾನೆಲ್ಲ ಗಂಗಮ್ಮನದೇ ಅಂತೆ. ನನಗೆ ಸಂತೋಷವೇ ಆಯಿತು. ಇನ್ನಾದರೂ ತಿಂಗಳು ಕೇಳುವುದು ನಿಂತೀತು ಎಂದುಕೊಂಡೆ.

ಹಿಂತಿರುಗಿ ಬಂದು ನೋಡಿದರೆ ಅಂಗಿ ಗಳದ ಮೇಲೆ ಮಿರಮಿರ ಮಿಂಚುತ್ತಿದೆ. ಕುಂಕುಮ, ಒಣಗಿದ ಸೇವಂತಿಗೆ, ಹೊಂಗೆ ಎಣ್ಣೆಯ ಘಾಟು. ಹರಿಗೋಲಿನ ತೊಗಲು ಬಿರಿಯದಿರಲೆಂದು ವರ್ಷಕ್ಕೊಮ್ಮೆ ಎಣ್ಣೆ ಉಣಿಸುವುದು ಅವರ ಪದ್ಧತಿ. ಅದೇ ಉಪಚಾರ ನನ್ನ ಅಂಗಿಗೂ ಆಗಿತ್ತು.

"ಮೂರ್ ಸಲ ಕುಡ್ಸಿವ್ನಿ ಮೇಷ್ಟ್ರೇ. ನನ್ ಅರ್ಗೋಲ್ಗೂ ಇಷ್ಟ್ ಕುಡ್ಸಿಲ್ಲ. ಇನ್ನ್ ನಿಮ್ಗೆ ಭಯ ಇಲ್ಲ ಬುಡಿ."

ಮುಟ್ಟಿದೆ. ಒಳಗಿನ ರಬ್ಬರು ಆಗಲೇ ಅಂಟಂಟಾಗಿತ್ತು. ಬಹಳ ಚೆನ್ನಾಗಾಗಿದೆ ದೊಡ್ಡಪ್ಪ, ಎಂದೆ.

ಆ ವಾರ ಸೈಕಲ್ ಷಾಪಿನವರು ಊದಿಸಿ ನೋಡಿ, ಇದು ಇನ್ನು ಗಾಳಿ ಹಿಡಿಯುವುದಿಲ್ಲ, ಎಸೆಯಿರಿ ಎಂದರು. ಎಸೆಯುವುದು ಹೇಗೆ? ಎಸೆದರೆ ಕಾರಣ ಹೇಳಬೇಕು. ಕಾರಣ ಹೇಳಿದರೆ ಆ ಮುಖ... ಹಾಗಾಗಿ ದಿನಾ ಬೆಳಿಗ್ಗೆ ಒಳಗೆ ಒಂದು ಹಳೆಯ ಟವೆಲ್ ತುರುಕಿ, ಊದಿದಂತೆ ಕೆನ್ನೆ ಉಬ್ಬಿಸಿ, ಸತ್ತ ಅಂಗಿ ತೊಟ್ಟು ಹೊಳೆ ದಾಟಿದೆ. ಮೊದಲ ವಾರ ಪ್ರತಿ ಅಲೆಗೂ ನನ್ನ ತಿಥಿ ನನಗೇ ಕಾಣುತ್ತಿತ್ತು. ಆಮೇಲೆ ಯಾವಾಗಲೋ ಕಾಣುವುದು ನಿಂತಿತು. ಯಾವಾಗ ಎಂದು ಗಮನಿಸಲಿಲ್ಲ. ಚಿಂತೆ ಮಾಡುವವನಿಗೆ ಚಿಂತೆ ಬಂದ ದಿನ ನೆನಪಿರುತ್ತದೆ, ಹೋದ ದಿನ ಇರುವುದಿಲ್ಲ.

ಮುಂದಿನ ಆಷಾಢದಲ್ಲಿ ಹೊಳೆ ಕೆಂಪಗೆ ಉಕ್ಕಿತು. ಎರಡು ದಿನ ಹರಿಗೋಲು ಬಿಟ್ಟಿರಲಿಲ್ಲ. ಮೂರನೆಯ ದಿನ ಬೆಳಿಗ್ಗೆ, ಇವತ್ತಾದರೂ ದಾಟಲಾದೀತೇ ಎಂದು ಅಂಗಿ ತೊಟ್ಟೇ ದಡಕ್ಕೆ ಹೋದೆ. ಆಚೆ ದಡದಲ್ಲಿ ಜನ ನಿಂತು ಕೂಗುತ್ತಿದ್ದರು. ದೊಡ್ಡಪ್ಪನ ಮಗಳನ್ನು ಕೊಟ್ಟದ್ದು ಆಚೆಯ ಊರಿಗೇ. ರಾತ್ರಿಯಿಂದ ನೋವು, ಮಗು ಅಡ್ಡ ತಿರುಗಿದೆ, ಸೂಲಗಿತ್ತಿ ಕೈಚೆಲ್ಲಿದ್ದಾಳೆ, ಕೋಟೆಯ ಆಸ್ಪತ್ರೆಗೆ ಸಾಗಿಸಬೇಕು ಎಂಬುದಿಷ್ಟು ಆ ಕೂಗಿನಿಂದ ತಿಳಿಯಿತು.

ದೊಡ್ಡಪ್ಪ ಹರಿಗೋಲಿಗೆ ಕೈಹಾಕಿದವನು ನಿಂತ. ನೀರು ನೋಡಿದ. ಆಮೇಲೆ ನನ್ನ ಹತ್ತಿರ ಬಂದ.

"ಮೇಷ್ಟ್ರೇ, ಆ ಅಂಗಿ ಒಸಿ ಕೊಡಿ. ನಂಗಲ್ಲ. ನಮ್ ಮಗ್ಳಿಗೆ ತೊಡುಸ್ತೀನಿ."

ವರ್ಷವೆಲ್ಲ ಅದನ್ನು ಕಂಡು ನಕ್ಕವನು ಎರಡೂ ಕೈ ಚಾಚಿದ. ನಾನು ಪಟ್ಟಿ ಬಿಚ್ಚಿದೆ. ಟವೆಲ್ ಕೆಳಗೆ ಬಿತ್ತು. ಇನ್ನು ಹೇಳದೆ ವಿಧಿಯಿರಲಿಲ್ಲ. ಇದರಲ್ಲಿ ಗಾಳಿ ನಿಲ್ಲುವುದಿಲ್ಲ ದೊಡ್ಡಪ್ಪ, ದಸರೆಯಿಂದಲೂ ನಿಲ್ಲುತ್ತಿಲ್ಲ, ಎಂದೆ. ಎಣ್ಣೆಯ ಮಾತನ್ನು ನಾನು ಆಡಲಿಲ್ಲ. ಆತ ಅಂಗಿಯನ್ನು ಬೆರಳಿನಿಂದ ಒತ್ತಿದ, ಅಂಟಿದ ಬೆರಳನ್ನು ಮೂಸಿದ. ತಿಳಿದುಕೊಂಡ.

"ದಸರೆಯಿಂದ... ಮತ್ತೆ ಇಷ್ಟ್ ದಿನ ಏನ ನಂಬ್ಕಂಡು ಕುಂತಿದ್ರಿ ಮೇಷ್ಟ್ರೇ?"

ಉತ್ತರ ನಾಲಿಗೆಯ ತುದಿಯಲ್ಲಿತ್ತು. ಬಹಳ ಸಣ್ಣ ಉತ್ತರ. ಹೇಳಲು ನಾಚಿಕೆಯಾಯಿತೋ, ಅದಕ್ಕೆ ಅದು ಹೊತ್ತಲ್ಲ ಎನ್ನಿಸಿತೋ... ಬಗ್ಗಿ ಟವೆಲ್ ಎತ್ತಿಕೊಂಡೆ. ಆತ ಕಾಯಲಿಲ್ಲ. ಗುಡಿಸಲಿಗೆ ಹೋಗಿ ಈಜು ಕಲಿಯುವವರು ತೇಲಲು ಕಟ್ಟಿಕೊಳ್ಳುವ ಎರಡು ಒಣ ಸೋರೆಬುರುಡೆ, ಹಗ್ಗ ತಂದು ಒಳಗೆಸೆದು ಹರಿಗೋಲು ತಳ್ಳಿದ.

ಜೊತೆಗೆ ಹತ್ತಿದೆ ಎಂದು ಬರೆದರೆ ಓದುವವರಿಗೆ ಹಿತವಾದೀತು. ಹತ್ತಲಿಲ್ಲ. ಹೋಗುತ್ತ ಹರಿಗೋಲು ಬುಗುರಿಯಂತೆ ತಿರುಗಿತು, ಆದರೂ ಆಚೆ ದಡ ಮುಟ್ಟಿತು. ಬರುವಾಗ ಸೆಳವಿಗೆ ಸಿಕ್ಕಿ ಬಹಳ ಕೆಳಗೆ ಕೊಚ್ಚಿತು. ನಾನು ಕೆಲಸಕ್ಕೆ ಬಾರದ ಅಂಗಿ ಹಿಡಿದುಕೊಂಡು ದಡದ ಉದ್ದಕ್ಕೂ ಕೆಸರಲ್ಲಿ ಓಡಿದೆ. ಹೊಂಗೆ ಮರಗಳ ತೋಪಿನ ಹತ್ತಿರ ಹರಿಗೋಲು ದಡ ಕಂಡಿತು. ಬಗಲಿಗೆ ಬುರುಡೆ ಕಟ್ಟಿಸಿಕೊಂಡು ಆ ಹುಡುಗಿ ಕಣ್ಣುಮುಚ್ಚಿ ಮಲಗಿದ್ದಳು, ಉಸಿರಿತ್ತು. ನಾವು ನಾಲ್ಕು ಜನ ಹೊತ್ತು ಬಸ್ಸಿಗೆ ಮುಟ್ಟಿಸಿದೆವು.

ನಾಲ್ಕನೆಯ ದಿನ ದೊಡ್ಡಪ್ಪ ಕೋಟೆಯಿಂದ ಬಂದ. ಹೆಣ್ಣು ಮಗು, ಇಬ್ಬರೂ ಕ್ಷೇಮ. ನಾನು ಬರಿಮೈಯಲ್ಲಿ, ಅಂದರೆ ಬರೀ ಷರಟು ಪಂಚೆಯಲ್ಲಿ, ದಡದಲ್ಲಿ ಕಾಯುತ್ತಿದ್ದೆ. ಆತ ನನ್ನ ಹೊಟ್ಟೆ ನೋಡಿದ.

"ನಿಮ್ದೂ ಎರ್ಗೆ ಆಯ್ತಾ ಮೇಷ್ಟ್ರೇ?"

ಇಬ್ಬರೂ ನಕ್ಕೆವು. ಆ ನಗುವಿನಲ್ಲಿ ಆವತ್ತಿನ ಪ್ರಶ್ನೆ ಮುಗಿದುಹೋಯಿತು ಎಂದುಕೊಂಡೆ. ನಾಳೆ ಹೇಳಿದರಾಯಿತು, ಹೊಳೆ ಇಳಿಯಲಿ, ಒಬ್ಬನೇ ಸಿಗಲಿ... ಹೀಗೆ ಎರಡು ವರ್ಷ. ಪಿರಿಯಾಪಟ್ಟಣಕ್ಕೆ ವರ್ಗವಾದ ದಿನವೂ ಆತನೇ ದಾಟಿಸಿದ, ನನ್ನ ಟ್ರಂಕಿಗೆ ನೀರು ಸಿಡಿಯದ ಹಾಗೆ ಗೋಣಿ ಹೊದಿಸಿ. ನಾನು ಟ್ರಂಕಿನ ಬೀಗದ ಚಿಂತೆಯಲ್ಲಿದ್ದೆ.

ಆತ ಹೋದ ಸುದ್ದಿ ಬಹಳ ತಡವಾಗಿ, ಯಾರೋ ಬಸ್ಸಿನಲ್ಲಿ ಸಿಕ್ಕವರಿಂದ ತಿಳಿಯಿತು. ಈಗ ಅಣೆಕಟ್ಟಿನ ನೀರು ನಿಂತು ಆ ಎರಡು ದಡವೂ ಇಲ್ಲ. ಹೋಗಿ ನಿಂತು ಹೇಳೋಣ ಎಂದರೆ ನಿಲ್ಲುವ ಜಾಗವೂ ನೀರಿನೊಳಗೆ.

ಹೆಂಡತಿ ಬಂದು ಸೊಂಟದ ಮೇಲಿನ ಬಿಸಿನೀರಿನ ಚೀಲ ಎತ್ತಿ, ಎಣ್ಣೆ ತಾಗಿ ರಬ್ಬರು ಅಂಟಂಟಾಗಿದೆ, ಮೊದಲೇ ಹೇಳಬಾರದೇ, ಎಲ್ಲದಕ್ಕೂ ಹೆದರುವವರು ಇದಕ್ಕೆ ಮಾತ್ರ ಸುಮ್ಮನಿದ್ದಿರಲ್ಲ ಎಂದಳು. ಹೌದು ಎಂದೆ.

ನಿಮ್ಮನ್ನೇ ದೊಡ್ಡಪ್ಪ. ನಿಮ್ಮನ್ನೇ ನಂಬಿಕೊಂಡು ಕೂತಿದ್ದೆ.

ಅದನ್ನು ದಿಂಬಿಗೆ ಹೇಳಿದೆ.