ಫೋಟೋ ಮಾವನ ನೀಲಿ ಕೋಟು

"ಫೋಟೋ ಮಾವನ ಕೈಗೆ ಸಿಕ್ಕರೆ ಇದ್ದಿಲೂ ಸುಣ್ಣ ಆಗುತ್ತೆ," ಎಂದು ನೆರೆಯವರು ನಗುತ್ತಿದ್ದರು. ದೊಡ್ಡ ಶಾಲೆಗೆ ಅರ್ಜಿ ಹಾಕುವ ನಮ್ಮ ಓಣಿಯ ಮಕ್ಕಳೆಲ್ಲ ಅವನ ಸ್ಟುಡಿಯೋದ ಒಂದೇ ನೀಲಿ ಕೋಟು ತೊಟ್ಟು ಕೂರುತ್ತಿದ್ದರು. "ನಗು ಪುಟ್ಟಾ, ಅಪ್ಪನಿಗೆ ಕಾರಿದೆ ಅನ್ನೋ ಹಾಗೆ!" ಎನ್ನುವನು, ಆಮೇಲೆ ಬರೆಯಲು ಕಲಿಯುವ ಮಗುವಿನ ಹಾಗೆ ನಾಲಿಗೆ ಕಚ್ಚಿಕೊಂಡು, ಕುಂಚ ಹಿಡಿದು ಫೋಟೋದಲ್ಲಿನ ಕಪ್ಪು ಮುಖವನ್ನು ಬೆಳ್ಳಗಾಗಿಸುವನು. "ಇನ್ನೂ ಸ್ವಲ್ಪ, ಮಾವಾ," ಎಂದು ತಾಯಂದಿರು ಗೋಗರೆದರೆ, "ಸಾಕಮ್ಮಾ, ಹೆತ್ತವಳಿಗಾದ್ರೂ ಗುರುತು ಸಿಗಬೇಕು!" ಎಂದು ಗದರುವನು. ತನ್ನ ಮೊಮ್ಮಗಳ ಫೋಟೋಗೆ ಮಾತ್ರ ಅವನ ಕೈ ನಿಲ್ಲಲಿಲ್ಲ. ಶಾಲೆಯ ಸಂದರ್ಶನದವರು ಫೋಟೋ ನೋಡಿ, ಮಗುವನ್ನು ನೋಡಿ, "ಇದು ಇವಳಲ್ಲ," ಎಂದು ವಾಪಸು ಕಳಿಸಿದರು. "ಹಾಗಾದ್ರೆ ಸೀಟು ಆ ಹುಡುಗಿಗೆ ಸಿಕ್ತಾ, ಅಜ್ಜಾ?" ಎಂದಳು ಮೊಮ್ಮಗಳು. ಮರುವರ್ಷ, ಅವಳ ವಯಸ್ಸಿಗಿದ್ದ ಕೊನೆಯ ಅವಕಾಶಕ್ಕೆ, ಕೋಟನ್ನು ಕೊಕ್ಕೆಯಲ್ಲೇ ಬಿಟ್ಟು, ಕುಂಚ ತಾಗದ ಫೋಟೋ ಜೇಬಿಗಿಟ್ಟು, ಮಾವ ಅವಳ ಕೈ ಹಿಡಿದು ಸ್ಟುಡಿಯೋದಿಂದ ಶಾಲೆಯತ್ತ ಹೊರಟ.