ಎಂಬತ್ತು ಲೀಟರ್ ನೀರು

ಚಿನ್ಮಯಿ, ಆ ಲೆಕ್ಕ ತಪ್ಪು ಮಾಡಿದವಳು ನೀನಲ್ಲ. ನಾನು. ಟೀಚರ್ ಎದುರು ಅದನ್ನು ನಿನ್ನ ತಲೆಗೆ ಕಟ್ಟಿದವನೂ ನಾನೇ.

ಆಗ ನಾವು ಸಿಡ್ನಿಯ ಎಪ್ಪಿಂಗ್‌ನಲ್ಲಿದ್ದೆವು. ತೊಂಬತ್ತರ ದಶಕದ ಮೊದಲ ವರ್ಷಗಳು, ನಿನಗೆ ಹನ್ನೊಂದು. ತೊಟ್ಟಿಯ ನೀರಿನಲ್ಲಿ ಶೇಕಡ ಇಪ್ಪತ್ತೈದು ಖರ್ಚಾಗಿ ಅರವತ್ತು ಲೀಟರ್ ಉಳಿದಿದೆ, ಮೊದಲು ಎಷ್ಟಿತ್ತು — ಇದು ಹೋಮ್‌ವರ್ಕ್. ನೀನು ಉದ್ದಕ್ಕೆ ಒಂದು ಗೆರೆ ಎಳೆದು ನಾಲ್ಕು ಭಾಗ ಮಾಡಿದ್ದೆ. ಮೇಲೆ ಶೇಕಡ, ಕೆಳಗೆ ಲೀಟರ್. ಎಪ್ಪತ್ತೈದರ ಕೆಳಗೆ ಅರವತ್ತು; ಹಾಗಾದರೆ ಒಂದೊಂದು ಭಾಗಕ್ಕೆ ಇಪ್ಪತ್ತು; ನೂರರ ಕೆಳಗೆ ಎಂಬತ್ತು. ನಾಲಿಗೆಯ ತುದಿ ಕಚ್ಚಿಕೊಂಡು ನೀನು ಬರೆಯುತ್ತಿದ್ದ ಚಂದ — ಅದನ್ನು ನೋಡಲೆಂದೇ ನಾನು ಪಕ್ಕದಲ್ಲಿ ಕೂರುತ್ತಿದ್ದೆ.

"ಲೈನು ಗೀನು ಎಲ್ಲಾ ಚಿಕ್ಕಮಕ್ಕಳಿಗೆ ಕಣೇ," ಎಂದೆ ನಾನು. ಮೈಸೂರಿನಲ್ಲಿ ನಾವು ಓದುವಾಗ ಬಾಯಿಲೆಕ್ಕವೇ ದೊಡ್ಡಸ್ತಿಕೆ. ಅರವತ್ತರ ಕಾಲುಭಾಗ ಹದಿನೈದು, ಕೂಡಿದರೆ ಎಪ್ಪತ್ತೈದು.

"ಅಪ್ಪ, ಡೋಂಟ್! ಮಿಸ್ ವಾಂಟ್ಸ್ ದ ಲೈನ್."

"ಇಂಜಿನಿಯರ್ ಯಾರು, ನಾನೋ ನಿಮ್ಮ ಮಿಸ್ಸೋ?"

ನಿನ್ನ ಗೆರೆಯನ್ನು ಅಳಿಸಿದೆ. ನಿನ್ನ ಕೈಯಿಂದಲೇ ನನ್ನ ಉತ್ತರ ಬರೆಸಿದೆ.

ವಾರದ ನಂತರ ಟೀಚರ್ ನಮ್ಮಿಬ್ಬರನ್ನೂ ಕರೆದರು. ಶಾಲೆಯ ಗಣಿತದ ಪಝಲ್ ಗುಂಪಿಗೆ ಕ್ಲಾಸಿನಿಂದ ಒಬ್ಬರನ್ನು ಆರಿಸಬೇಕಿತ್ತು. ನೀನು ಎಷ್ಟೋ ದಿನದಿಂದ ಅದರ ಮಾತೇ ಆಡುತ್ತಿದ್ದೆ. ಕ್ಲಾಸಿನಲ್ಲಿ ಸರಿಯಾಗಿ ಮಾಡುವವಳು ಇಲ್ಲೇಕೆ ತಪ್ಪಿದಳು ಎಂದು ಅವರು ಹಾಳೆ ಮುಂದಿಟ್ಟರು. ಆಗ ಹೊಳೆಯಿತು — ಎಪ್ಪತ್ತೈದರಲ್ಲಿ ಕಾಲುಭಾಗ ಹೋದರೆ ಅರವತ್ತು ಉಳಿಯುವುದಿಲ್ಲ. ನಿಧಾನವಾಗಿ, ಸರಿಯಾಗಿ ಹೇಳಬೇಕು: ಮೊದಲು ನನಗೆ ಗೊತ್ತಾಯಿತು. ಗೊತ್ತಾದ ಮೇಲೆ, ಅವಸರ ಮಾಡಿದ್ದು ನೀನೇ ಎಂಬಂತೆ ಹೇಳಿದೆ — "ಶಿ ರಶಸ್. ಐ ಕೀಪ್ ಟೆಲ್ಲಿಂಗ್ ಹರ್."

ನೀನು ನನ್ನ ಕಡೆ ನೋಡಲಿಲ್ಲ. "ಸಾರಿ, ಮಿಸ್," ಎಂದೆ.

ಗುಂಪಿಗೆ ಬೇರೆ ಹುಡುಗಿ ಹೋದಳು. ವಾಪಸ್ ಬರುವಾಗ ಕಾರಿನಲ್ಲಿ ನೀನು ಚಿಪ್ಸ್ ಪೊಟ್ಟಣವನ್ನು ನನ್ನತ್ತ ಚಾಚಿದೆ. ನಾನು — ತಿಂದೆ. ಅಮ್ಮನಿಗೂ ನಿಜ ಹೇಳಲಿಲ್ಲ. ಆಮೇಲೆ ನಾನು ಪಕ್ಕದಲ್ಲಿ ಬಂದು ಕೂತಾಗಲೆಲ್ಲ ನೀನು ಪುಸ್ತಕ ಮುಚ್ಚಿ, "ಡನ್, ಅಪ್ಪ," ಅನ್ನುತ್ತಿದ್ದೆ. ಕೋಪವಿರಲಿಲ್ಲ ಆ ದನಿಯಲ್ಲಿ. ಇದ್ದಿದ್ದರೆ…

ನಿನಗೆ ಕನ್ನಡ ಓದಲು ಬರುವುದಿಲ್ಲ. ಅದಕ್ಕೇ ಇದನ್ನು ಅಂಚೆಗೆ ಹಾಕುತ್ತಿಲ್ಲ. ಶನಿವಾರ ಮೆಲ್ಬರ್ನ್‌ಗೆ, ನಿನ್ನ ಮನೆಗೆ ಬಂದು ಅಮ್ಮನ ಎದುರಿಗೇ ಓದುತ್ತೇನೆ. ಅರ್ಧಕ್ಕೇ ನೀನು "ಇಟ್ಸ್ ಓಕೆ, ಅಪ್ಪ" ಅನ್ನುತ್ತೀಯ, ಗೊತ್ತು. ಅನ್ನಬೇಡ ಮಗಳೇ. ಪೂರ್ತಿ ಓದಲು ಬಿಡು.