ಭಾವನಿಗೆ ಫೋನ್ ಮಾಡದ ಏಳು ದಿನ

ಒಮಾನಿನಲ್ಲಿ ಜನ ಹತ್ತುವ ರೈಲಿಲ್ಲ. ಮಸ್ಕತ್ ನಗರದ ಅಲ್ ಖುವೈರ್‌ನ ನಮ್ಮ ಫ್ಲ್ಯಾಟಿನ ಕಿಟಕಿಯಿಂದ ಕಾಣುವುದು ಹೆದ್ದಾರಿ ಮತ್ತು ಅದರ ಮೇಲೆ ಸಾಲುಗಟ್ಟಿದ ಕಾರುಗಳು. ಎದುರು ಬೀದಿಯಿಂದ ಕೊತ್ತಂಬರಿ ಸೊಪ್ಪು ತರಲೂ ಇಲ್ಲಿ ಕಾರಿನ ಕೀಲಿ ಹುಡುಕುತ್ತೇವೆ. ಅದಕ್ಕೇ ಇರಬೇಕು, ಮದುವೆಯಾದ ಮೂರನೆಯ ವರ್ಷ ಇವರಿಗೆ ಒಂದು ವಾರ ರಜೆ ಸಿಕ್ಕಾಗ ನನಗೆ ರೈಲಿನ ಹುಚ್ಚು ಹಿಡಿಯಿತು. ಇಟಲಿಗೆ ಹೋಗುವುದು, ಊರಿಂದ ಊರಿಗೆ ಅಗ್ಗದ ರೈಲಿನಲ್ಲಿ ತಿರುಗುವುದು, ಹಾಸಿಗೆ ಇದ್ದಷ್ಟು ಕಾಲು ಚಾಚಿ ಬರುವುದು.

ಇದರ ಹಿಂದೆ ಇನ್ನೊಂದು ಆಸೆಯೂ ಇತ್ತು. ಅದನ್ನು ಹೇಳಬೇಕಾದರೆ ಮೊದಲು ಭಾವನ ವಿಷಯ ಹೇಳಬೇಕು. ಭಾವ ಎಂದರೆ ನನ್ನ ಗಂಡನ ಅಣ್ಣ. ಇಪ್ಪತ್ತು ವರ್ಷದಿಂದ ಮಸ್ಕತ್‌ನಲ್ಲಿದ್ದಾರೆ, ಮನೆ ಅಲ್ ಅಜೈಬಾದಲ್ಲಿ. ಇವರಿಗೆ ಕೆಲಸ ಕೊಡಿಸಿದ್ದು ಭಾವ. ಫ್ಲ್ಯಾಟ್ ಹುಡುಕಿದ್ದು, ಅದಕ್ಕೆ ಮಂಚ ತರಿಸಿದ್ದು, ಹಾಸಿಗೆಯ ಮೇಲುಹೊದಿಕೆಯ ಬಣ್ಣ ಆರಿಸಿದ್ದು ಕೂಡ ಭಾವನೇ. ಕಂದು ಬಣ್ಣ, ಕೊಳೆ ಕಾಣುವುದಿಲ್ಲವಂತೆ. ಏಸಿಯಿಂದ ನೀರು ತೊಟ್ಟಿಕ್ಕಿದರೆ ಭಾವ, ನನಗೆ ಜ್ವರ ಬಂದರೆ ಯಾವ ಡಾಕ್ಟರು ಎಂದು ಕೇಳುವುದಕ್ಕೂ ಭಾವ. ಆಫೀಸಿನಲ್ಲಿ ಹತ್ತು ಜನರಿಗೆ ಕೆಲಸ ಹೇಳುವ ನನ್ನ ಗಂಡ ಮನೆಯ ವಿಷಯ ಬಂದ ಕೂಡಲೇ ಫೋನ್ ಎತ್ತಿಕೊಂಡು ‘ಅಣ್ಣಾ’ ಎನ್ನುತ್ತಿದ್ದರು. ಭಾವ ಕೆಟ್ಟವರಲ್ಲ, ಕಷ್ಟ ಇದ್ದದ್ದೇ ಅಲ್ಲಿ. ಕೆಟ್ಟವರಾಗಿದ್ದರೆ ಒಂದು ಜಗಳ ಮಾಡಿ ಮುಗಿಸಬಹುದಿತ್ತು. ನಾವಿಬ್ಬರೇ ಸೇರಿದರೆ ಒಂದು ಸಂಸಾರ ಆಗುತ್ತದೆಯೋ ಇಲ್ಲವೋ ಎಂದು ನನಗೆ ತಿಳಿಯಬೇಕಿತ್ತು.

ಶುಕ್ರವಾರ ಮಧ್ಯಾಹ್ನ ನಮ್ಮ ಊಟ ಭಾವನ ಮನೆಯಲ್ಲೇ. ಇಟಲಿಯ ಮಾತು ಅಲ್ಲಿ ಎತ್ತಿದ್ದೇ ತಡ, ಭಾವ ಒಂದು ಪ್ಯಾಕೇಜ್ ಟೂರಿನ ಹೆಸರು ಹೇಳಿದರು.

“ಬಸ್ಸು ಉಂಟು, ಗೈಡ್ ಉಂಟು, ಅಡುಗೆಯವನು ಸಹ ಒಟ್ಟಿಗೆ ಬರ್ತಾನೆ. ಅನ್ನ ಸಾರು ಸಿಗ್ತದೆ. ರೈಲು ಗೀಲು ಎಂತಕ್ಕೆ?”

“ನಾವು ರೈಲಿನಲ್ಲೇ ಹೋಗ್ತೇವೆ ಭಾವ,” ಎಂದೆ.

“ಆಯ್ತು ಮಾರಾಯ್ತಿ, ಹೋಗಿ. ಎಲ್ಲಿಯಾದ್ರೂ ಸಿಕ್ಕಿಹಾಕಿಕೊಂಡ್ರೆ ಒಂದು ಫೋನ್ ಮಾಡಿ, ಸಾಕು.”

ಅವರು ಪ್ರೀತಿಯಿಂದಲೇ ಹೇಳಿದ್ದು. ನನಗೆ ಮಾತ್ರ ಮೈಯೆಲ್ಲ ಉರಿಯಿತು. ಮನೆಗೆ ಬರುವ ದಾರಿಯಲ್ಲಿ, ಕಾರಿನಲ್ಲೇ, ಇವರಿಂದ ಮಾತು ತೆಗೆದುಕೊಂಡೆ: ಮುಟ್ಟಿದೆವು ಎಂದು ಒಂದು ಮೆಸೇಜು, ಅಷ್ಟೇ. ಏಳು ದಿನ ಭಾವನಿಗೆ ಫೋನ್ ಇಲ್ಲ.

ಸೋಮವಾರ ಮಿಲಾನಿನಲ್ಲಿ ಇಳಿದೆವು. ಅಲ್ಲಿ ನಿಧಾನದ ರೈಲುಗಳ ಕಾಗದದ ಟಿಕೆಟಿಗೆ, ಹತ್ತುವ ಮೊದಲು, ಪ್ಲಾಟ್‌ಫಾರ್ಮಿನ ಯಂತ್ರದಲ್ಲಿ ನಾವೇ ಮುದ್ರೆ ಒತ್ತಿಕೊಳ್ಳಬೇಕು. ಇವರಿಗೆ ಆ ಕೆಲಸ ಎಷ್ಟು ಹಿಡಿಸಿತೆಂದರೆ ನನ್ನ ಟಿಕೆಟನ್ನೂ ಕಿತ್ತುಕೊಂಡು ಒತ್ತುತ್ತಿದ್ದರು. ವೆನಿಸಿನಲ್ಲಿ ಎರಡು ಗಂಟೆ ದಾರಿ ತಪ್ಪಿ, ಒಂದೇ ಸೇತುವೆಯನ್ನು ನಾಲ್ಕು ಸಲ ದಾಟಿದೆವು. ಐದನೆಯ ಸಲ ಇವರ ಕೈ ಫೋನಿದ್ದ ಜೇಬಿಗೆ ಹೋಯಿತು. ನಾನು ಕಣ್ಣು ಕೆಕ್ಕರಿಸಿದೆ, ಕೈ ಹೊರಗೆ ಬಂತು. ಬೊಲೊನ್ಯಾದಲ್ಲಿ ಕೋಣೆಯ ಬಾಗಿಲಿನ ಬೀಗ ತೆಗೆಯಲು ಬಾರದೆ ಮೆಟ್ಟಿಲ ಮೇಲೆ ಕೂತು ಬ್ರೆಡ್ಡು ಚೀಸು ತಿಂದೆವು. ಆಮೇಲೆ ಇವರೇ ಕೀಲಿಯನ್ನು ತಿರುವುಮುರುವು ಮಾಡಿ ತೆಗೆದರು. ಒಂದೊಂದು ಊರು ದಾಟಿದಂತೆ ನನ್ನ ಜಂಬ ಒಂದೊಂದು ಮೊಳ ಬೆಳೆಯುತ್ತಿತ್ತು.

ಕೊನೆಯ ಎರಡು ರಾತ್ರಿಗೆ ಫ್ಲಾರೆನ್ಸಿನ ಹತ್ತಿರ, ಗುಡ್ಡದ ಮೇಲಿನ ಸಣ್ಣ ಊರೊಂದರಲ್ಲಿ ಕೋಣೆ ಹಿಡಿದಿದ್ದೆವು. ಅಗ್ಗ ಎಂಬ ಒಂದೇ ಕಾರಣಕ್ಕೆ. ಭಾನುವಾರ ಬೆಳಿಗ್ಗೆ ಬಸ್ಸಿನಲ್ಲಿ ಫ್ಲಾರೆನ್ಸಿಗೆ ಇಳಿದು, ಒಂಬತ್ತು ಗಂಟೆಯ ರೈಲಿನಲ್ಲಿ ರೋಮಿಗೆ ಹೋಗಿ, ಸಂಜೆ ಅಲ್ಲಿಂದ ಮಸ್ಕತ್ ವಿಮಾನ ಹತ್ತಬೇಕು. ಬಸ್‌ಸ್ಟಾಪಿನಲ್ಲಿ ಎರಡು ಹಾಳೆ ಅಂಟಿಸಿದ್ದರು. ಫೋನಿನಲ್ಲಿ ಅನುವಾದ ಮಾಡಿ ನೋಡಿದೆವು: ಒಂದು ಕೆಲಸದ ದಿನಗಳದ್ದು, ಇನ್ನೊಂದು ರಜಾದಿನದ್ದು. ಕೆಲಸದ ದಿನದ ಹಾಳೆಯಲ್ಲಿ ಏಳೂ ಇಪ್ಪತ್ತಕ್ಕೆ ಬಸ್ಸಿತ್ತು. ಬರೆದುಕೊಂಡೆವು.

ಭಾನುವಾರ ಏಳೂವರೆಯಾದರೂ ಬಸ್ಸಿಲ್ಲ. ಬೀದಿಯಲ್ಲಿ ನರಪಿಳ್ಳೆಯಿಲ್ಲ, ಅಂಗಡಿಗಳೆಲ್ಲ ಮುಚ್ಚಿವೆ. ಚರ್ಚಿನ ಗಂಟೆ ಮೊಳಗಿತು. ನಾನು ಇವರನ್ನು ನೋಡಿದೆ, ಇವರು ನನ್ನನ್ನು ನೋಡಿದರು. ಮಸ್ಕತ್‌ನಲ್ಲಿ ರಜೆ ಶುಕ್ರವಾರ, ಶನಿವಾರ. ಭಾನುವಾರ ಎಂದರೆ ಆಫೀಸು, ಶಾಲೆ, ಹೆದ್ದಾರಿಯಲ್ಲಿ ವಾರದ ಮೊದಲ ಗಲಾಟೆ. ಮೂರು ವರ್ಷದಲ್ಲಿ ಅದು ನಮ್ಮ ರಕ್ತಕ್ಕೇ ಇಳಿದುಬಿಟ್ಟಿತ್ತು. ಚಿಕ್ಕಂದಿನಿಂದ ಭಾನುವಾರ ರಜೆ ಅನುಭವಿಸಿದ ಇಬ್ಬರು ಪದವೀಧರರು ಕೆಲಸದ ದಿನದ ಹಾಳೆಯ ಮುಂದೆ ಹೆಮ್ಮೆಯಿಂದ ನಿಂತು ಭಾನುವಾರದ ಬಸ್ಸು ಬರೆದುಕೊಂಡಿದ್ದೆವು. ರಜಾದಿನದ ಹಾಳೆಯಲ್ಲಿ ಮೊದಲ ಬಸ್ಸು ಒಂಬತ್ತೂವರೆಗೆ.

ಟ್ಯಾಕ್ಸಿಯವರ ನಂಬರಿಗೆ ಫೋನ್ ಮಾಡಿದೆವು, ಯಾರೂ ಎತ್ತಲಿಲ್ಲ. ನಮ್ಮ ಅಗ್ಗದ ಟಿಕೆಟು ಬೇರೆ ರೈಲಿಗೆ ನಡೆಯುವುದಿಲ್ಲ. ರೈಲು ತಪ್ಪಿದರೆ ರೋಮ್ ಇಲ್ಲ, ವಿಮಾನವೂ ಸಿಗುತ್ತದೋ ಇಲ್ಲವೋ. ಶುಕ್ರವಾರದ ಊಟಕ್ಕೆ ಕೂತು ಇದನ್ನೆಲ್ಲ ವಿವರಿಸುವ ನಮ್ಮ ಮುಖಗಳು ಕಣ್ಣ ಮುಂದೆ ಬಂದವು. ಏಳು ದಿನದ ಜಂಬ ಒಂದೇ ಏಟಿಗೆ ಇಳಿದು ಹೋಯಿತು. ಬಾಯಿಂದ ಬಂದ ಮಾತು ನನ್ನದೇ, ಇಂದಿಗೂ ಒಪ್ಪಿಕೊಳ್ಳಲು ನಾಚಿಕೆ.

“ಭಾವನಿಗೆ ಒಂದು ಫೋನ್ ಮಾಡಿ,” ಎಂದೆ.

ಇವರು ಆಗಲೇ ಫೋನ್ ಹಿಡಿದಿದ್ದರು. ತಲೆ ಎತ್ತಲಿಲ್ಲ.

“ಅಣ್ಣ ಅಲ್ಲಿಂದ ಎಂತ ಮಾಡ್ತಾನೆ? ಬಸ್ಸು ಕಳಿಸ್ತಾನಾ? ಇಲ್ಲಿ ನೋಡು.” ನಕ್ಷೆ ತೋರಿಸಿದರು. ಗುಡ್ಡದ ಬುಡದಲ್ಲಿ ಒಂದು ಸಣ್ಣ ರೈಲು ನಿಲ್ದಾಣವಿತ್ತು. “ನಾಲ್ಕು ಕಿಲೋಮೀಟರ್. ಎಂಟೂ ಮೂವತ್ತೊಂದಕ್ಕೆ ಫ್ಲಾರೆನ್ಸಿಗೆ ರೈಲುಂಟು. ಈ ಸಲ ಭಾನುವಾರದ ಹೊತ್ತನ್ನೇ ನೋಡಿದ್ದೇನೆ. ನಿನ್ನ ಬ್ಯಾಗ್ ಕೊಡು.”

“ನಡೆದುಕೊಂಡಾ?”

“ಮತ್ತೆ? ಯಲ್ಲಾ, ನಡಿ,” ಎಂದರು, ಅರ್ಧ ಅರಬ್ಬಿಯಲ್ಲಿ.

ನಡೆದೆವು. ಮೊದಲ ಕಿಲೋಮೀಟರಿನಲ್ಲೇ ಒಂದು ಪೆಟ್ಟಿಗೆಯ ಚಕ್ರ ಕಳಚಿತು. ಇವರು ಅದನ್ನು ಎತ್ತಿ ಹೆಗಲಿಗೇರಿಸಿದರು, ಇನ್ನೊಂದನ್ನು ಎಳೆದರು, ನಾನು ಕೈಚೀಲಗಳನ್ನು ಹೊತ್ತೆ. ಇಳಿಜಾರಿನ ದಾರಿ, ಎರಡೂ ಬದಿ ಆಲಿವ್ ತೋಟ, ನೋಡುವ ಪುರುಸೊತ್ತು ಯಾರಿಗಿತ್ತು? ನನಗೆ ಅಳು ಬರುತ್ತಿತ್ತು, ಏದುಸಿರಿನಲ್ಲಿ ಅಳುವುದಕ್ಕೂ ಆಗಲಿಲ್ಲ. ಒಂದು ಕವಲುದಾರಿಯಲ್ಲಿ ನಕ್ಷೆ ಎಡಕ್ಕೆ ತೋರಿಸಿತು. ಇವರು ಒಂದು ಕ್ಷಣ ನಿಂತು ಹಳಿ ಎಲ್ಲಿದೆ ಎಂದು ಕಣ್ಣಳತೆಯಲ್ಲಿ ನೋಡಿ, “ಬಲಕ್ಕೆ” ಎಂದರು. ಯಾರನ್ನೂ ಕೇಳಲಿಲ್ಲ, ನನ್ನನ್ನೂ ಕೇಳಲಿಲ್ಲ. ಆ ಬೆವರು ಸುರಿಯುವ ಮನುಷ್ಯನನ್ನು ನಾನು ಹೊಸದಾಗಿ ನೋಡುತ್ತಿದ್ದೆ.

ಬಲದ ದಾರಿಯೇ ಸರಿಯಿತ್ತು. ಎಂಟೂ ಇಪ್ಪತ್ತೆಂಟಕ್ಕೆ ಪ್ಲಾಟ್‌ಫಾರ್ಮ್ ಮುಟ್ಟಿದೆವು. ಅಷ್ಟರಲ್ಲೂ ಇವರು ಓಡಿ ಹೋಗಿ, ಯಂತ್ರದಿಂದ ಎರಡು ಟಿಕೆಟು ತೆಗೆದು, ಎರಡಕ್ಕೂ ಮುದ್ರೆ ಒತ್ತಿಕೊಂಡು ಬಂದರು. ಫ್ಲಾರೆನ್ಸಿನಲ್ಲಿ ರೋಮಿನ ರೈಲು ಹತ್ತಿ ಕೂತಾಗ ಬಾಗಿಲು ಮುಚ್ಚಿತು. ನಾನು ಗಟ್ಟಿಯಾಗಿ ನಕ್ಕೆ, ಎದುರಿನ ಅಜ್ಜಿ ಬೆಚ್ಚಿ ನೋಡಿದರು. ರೋಮಿನಲ್ಲಿ ಪೆಟ್ಟಿಗೆಗಳನ್ನು ನಿಲ್ದಾಣದಲ್ಲಿಟ್ಟು ಕೊಲೊಸಿಯಮ್ಮಿನ ಸುತ್ತ ಒಂದು ಸುತ್ತು ಬಂದೆವು. ಒಳಗೆ ಹೋಗಲು ಹೊತ್ತಿರಲಿಲ್ಲ. ನನಗೆ ಒಂದಿಷ್ಟೂ ಬೇಸರವಾಗಲಿಲ್ಲ, ಕುಣಿಯಬೇಕೆನಿಸುತ್ತಿತ್ತು.

ಮುಂದಿನ ಶುಕ್ರವಾರ ಅಜೈಬಾದಲ್ಲಿ ಊಟಕ್ಕೆ ಕೂತೆವು. ಭಾವ ಮೀನು ಬಡಿಸುತ್ತಾ ಹೇಳಿದರು:

“ನಿಮ್ಮ ಫ್ಲ್ಯಾಟಿನ ಎಗ್ರಿಮೆಂಟ್ ಮುಗೀತದಲ್ಲಾ? ನಮ್ಮ ಮೇಲಿನ ಮಹಡಿ ಖಾಲಿ ಆಗ್ತದೆ. ಓನರ್ ಹತ್ರ ಮಾತಾಡಿದ್ದೇನೆ. ಖಲಾಸ್, ಆಯ್ತು ಅಂತ ಲೆಕ್ಕ.”

ಇವರು ಅನ್ನ ಕಲಸುತ್ತಲೇ ಇದ್ದರು.

“ಬೇಡ ಅಣ್ಣ. ಮನೆ ನಾವೇ ಹುಡುಕ್ತೇವೆ.”

ಭಾವನ ಸೌಟು ಗಾಳಿಯಲ್ಲೇ ನಿಂತಿತು. ಅಕ್ಕ, ಎಂದರೆ ಭಾವನ ಹೆಂಡತಿ, ನಗುತ್ತಾ ಹೇಳಿದರು: “ಬಿಡಿ ಅವರನ್ನು. ನಿಮ್ಮ ಫೋನಿಲ್ಲದೆ ಅವರು ಏಳು ದಿನ ಇದ್ದು ಬಂದ್ರಲ್ಲಾ. ಇರ್ಲಿಕ್ಕೆ ಆಗದ್ದು ನಿಮಗೆ. ಊಟಕ್ಕೆ ಕೂತ್ರೂ ಫೋನ್ ನೋಡುದು, ಮಲಗಿದ್ರೂ ಫೋನ್ ನೋಡುದು.”

ಅದು ನನಗೆ ಗೊತ್ತಿರಲಿಲ್ಲ. ಭಾವ ಸೌಟನ್ನು ಪಾತ್ರೆಗೆ ಇಳಿಸಿ, ಸಣ್ಣ ದನಿಯಲ್ಲಿ ಕೇಳಿದರು:

“ಒಂದು ದಿನ ಸಹ ನನ್ನ ನೆನಪಾಗಲಿಲ್ವಾ?”

“ಒಂದು ದಿನ ಆಯ್ತು ಭಾವ,” ಎಂದೆ. “ಇವರಿಗಲ್ಲ, ನನಗೆ. ಫೋನ್ ಮಾಡಿ ಅಂತ ನಾನೇ ಹೇಳಿದ್ದು. ಇವರು ಬೇಡ ಅಂದ್ರು.”

ಭಾವ ತಮ್ಮನ ತಟ್ಟೆಗೆ ಇನ್ನೊಂದು ತುಂಡು ಮೀನು ಬಡಿಸಿದರು.

“ಹುಡುಕಿ,” ಎಂದರು. “ಮನೆ ಸಿಕ್ಕಿದ ಮೇಲೆ ನಮ್ಮನ್ನು ಊಟಕ್ಕೆ ಕರೆಯಿರಿ.”